ಮೀನಿನ ಹಿಡಿಯ ಸಲಿಕೆ

ಇದು ನಿಜವಾಗಿ ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಂದು ಗುಟ್ಟು ಹೇಳಿರುತ್ತೇನೆ: ಸುಳ್ಳು ಹೇಳುವಾಗ ನಾನು ನನ್ನ ದನಿ ಬಳಸುವುದಿಲ್ಲ. ಬಳಸಲು ಊರಿನಲ್ಲಿ ಬೇಕಾದಷ್ಟು ದನಿಗಳಿವೆ. ಪ್ರಾಂಶುಪಾಲರ ದನಿಯಲ್ಲಿ ಕಾಲೇಜಿಗೆ ಫೋನು ಮಾಡಿ ಇಡೀ ತರಗತಿಗೆ ರಜೆ ಕೊಡಿಸಿದ್ದೇನೆ. ತೀರಿಹೋದ ಅಪ್ಪನ ದನಿಯಲ್ಲಿ ಒಳಗಿನಿಂದ ಕೆಮ್ಮಿ, ಬಾಗಿಲ ಬಳಿ ಸುಳಿದಾಡುತ್ತಿದ್ದ ಪುಂಡರನ್ನು ಓಡಿಸಿದ್ದೇನೆ. ಈ ಕಥೆ ಮಾತ್ರ ನನ್ನದೇ ದನಿಯಲ್ಲಿ.

ಮೊದಲು ಅಜ್ಜಿ. ಅಮ್ಮನ ಅವ್ವ. ಇಡೀ ಆಯುಷ್ಯ ಹೇಲು ಎತ್ತಿದಳು. ‘ಸ್ವಚ್ಛತಾ ಕಾರ್ಯ’ ಎಂದು ಬರೆಯಬಹುದಿತ್ತು. ನಾನು ಬಿ.ಎ., ಬರೆಯಲು ಬರುತ್ತದೆ. ಆದರೆ ಅವಳು ಎತ್ತಿದ್ದು ಕಾರ್ಯವನ್ನಲ್ಲ.

ಮನೆಗಳ ಹಿಂದೆ ಸಣ್ಣ ಓಣಿ. ಓಣಿಯ ಗೋಡೆಯಲ್ಲಿ ಮೊಣಕಾಲೆತ್ತರದ ತಗಡಿನ ಬಾಗಿಲು. ಬಗ್ಗಿ ಅದನ್ನು ಎತ್ತಬೇಕು. ಸಲಿಕೆ ಒಳಗೆ ತಳ್ಳಬೇಕು. ಎಳೆಯಬೇಕು. ಬಕೆಟ್ಟಿಗೆ ತುಂಬಬೇಕು. ಬಕೆಟ್ಟು ತಲೆಯ ಮೇಲೆ. ಮಳೆ ಬಂದರೆ ಬಕೆಟ್ಟಿನ ಅಂಚಿನಿಂದ ಇಳಿದದ್ದು ಕಿವಿಯ ಹಿಂದೆ, ಅಲ್ಲಿಂದ ಕತ್ತಿಗೆ, ಕತ್ತಿನಿಂದ ರವಿಕೆಗೆ. ಬಾಯಿ ಬಿಗಿದುಕೊಂಡೇ ನಡೆಯಬೇಕು. ಅಜ್ಜಿ ಮಿತಭಾಷಿ ಎಂದು ಎಲ್ಲರೂ ಹೊಗಳುತ್ತಿದ್ದರು. ಬಾಯಿ ಮುಚ್ಚಿ ಮುಚ್ಚಿ ಅಭ್ಯಾಸವಾಗಿತ್ತು, ಅಷ್ಟೆ.

ಓಣಿಗೆ ಕಾಲಿಡುವ ಮೊದಲು ಮಾತ್ರ ಅವಳು ಕೂಗಬೇಕಿತ್ತು. ತನ್ನ ಮುಖ ಯಾರಿಗೂ ಕಾಣಬಾರದು ಎಂದು. “ಬಂದೇ... ಬಾಗಿಲು ಹಾಕ್ಕೊಳ್ಳೀ...” ಎದ್ದವರಿಗೆ ಕೇಳಬೇಕು, ಮಲಗಿದವರಿಗೆ ಎಚ್ಚರವಾಗಬಾರದು. ಅಂಥ ದನಿ. ಹೊಟ್ಟೆಯಿಂದ ಹೊರಟು ಮೂಗಿನಲ್ಲಿ ಮುಗಿಯುತ್ತಿತ್ತು. ನಾನು ಕಲಿತ ಮೊದಲ ದನಿ ಅದೇ. ಚಿಕ್ಕವಳಿದ್ದಾಗ ಅಂಗಳದಲ್ಲಿ ಹಾಗೆ ಕೂಗಿದೆ. ಅಮ್ಮ ಹೊರಗೆ ಓಡಿಬಂದು ಕೆನ್ನೆಗೆ ಬಾರಿಸಿದಳು. ಅಜ್ಜಿ ಬೈಯಲಿಲ್ಲ. “ಚೆನ್ನಾಗಿ ಕೂಗ್ತಾಳೆ,” ಎಂದಳು. “ಕಲೀಬೇಡ ಅಂತ ಹೇಳು.”

ಅವಳ ಸಲಿಕೆ ಮರದ್ದು. ಕಬ್ಬಿಣದ್ದು ಕಲ್ಲಿಗೆ ತಾಗಿದರೆ ಕರ್ರೆನ್ನುತ್ತದೆ, ಮನೆಯವರ ನಿದ್ದೆ ಕೆಡುತ್ತದೆ. ಅದಕ್ಕೇ ಮರದ್ದೇ ಆಗಬೇಕೆಂದು ಮೇಲಿನವರು ಹೇಳಿದ್ದರು. ಆ ಮನೆಯವರ ನಿದ್ದೆ ಗಟ್ಟಿಯಿರಲೆಂದು ಅಜ್ಜಿ ಮರದ್ದರಲ್ಲೇ ನಿಧಾನವಾಗಿ, ಸಂಬಳವಿಲ್ಲದೆ ಒಂದು ಗಳಿಗೆ ಹೆಚ್ಚು ಗೋರಿದಳು. ಒದ್ದೆ ಕೈಯಲ್ಲಿ ಹಿಡಿ ಜಾರುತ್ತಿತ್ತು. ಮರಗೆಲಸ ಅಷ್ಟಿಷ್ಟು ಬಲ್ಲ ತಾತ ಹಿಡಿಯ ಮೇಲೆ ಹುರುಪೆ ಹುರುಪೆಯಾಗಿ ಕೆತ್ತಿಕೊಟ್ಟ. “ಇಷ್ಟು ಮಾಡಿದೀಯ, ಒಂದು ಕಣ್ಣೂ ಮಾಡಿಬಿಡು, ಮೀನಾಗಲಿ,” ಎಂದಳಂತೆ ಅಜ್ಜಿ. ತಾತ ಕಣ್ಣು ಮಾಡಿದ, ಬಾಯಿ ಮಾಡಿದ. ಅವಳ ಹೆಬ್ಬೆರಳು ಕೂರುವ ಕಡೆ ಹುರುಪೆ ಸವೆದು ಸಣ್ಣ ಗುಳಿ ಬಿದ್ದಿತು. ಆ ಗುಳಿಯನ್ನು ಯಾರೂ ಕೆತ್ತಲಿಲ್ಲ.

ನಮ್ಮ ಕೇರಿಯಲ್ಲಿ, ಈ ಕೆಲಸದವರಲ್ಲಿ, ಒಂದು ನಡೆ ಇತ್ತು. ಯಾರಾದರೂ ತೀರಿಕೊಂಡರೆ ಅವರ ಸಲಿಕೆಯನ್ನು ಮುರಿಯಬೇಕು. ಹಿರಿಯ ಮಗಳೇ ಮುರಿಯಬೇಕು. “ಕೆಲಸ ಮುಗೀತು, ಹೋಗು,” ಎನ್ನಬೇಕು. ಇದಕ್ಕೆ ಕೈ ಬಿಡಿಸುವುದು ಎನ್ನುತ್ತಿದ್ದರು. ಸಲಿಕೆ ಇಡಿಯಾಗಿ ಉಳಿದರೆ ಸತ್ತವರ ಕೈ ಅದಕ್ಕೇ ಅಂಟಿರುತ್ತದೆ. ಅಲ್ಲಿಯೂ ಅದೇ ಓಣಿ, ಅದೇ ತಗಡಿನ ಬಾಗಿಲು. ಸಾವಿನಲ್ಲೂ ರಜೆ ಇಲ್ಲ.

ಊರಿಗೆ ಒಳಚರಂಡಿ ಬಂತು. ಸಲಿಕೆಗಳನ್ನು ಇಡುತ್ತಿದ್ದ ಸರ್ಕಾರಿ ಶೆಡ್ಡಿಗೆ ಬೀಗ ಬಿತ್ತು. ಒಳಗಿದ್ದದ್ದನ್ನೆಲ್ಲ ಗುಜರಿಯವನು ಗಾಡಿಯಲ್ಲಿ ಹೇರಿಕೊಂಡು ಹೋದ. ಆ ಮಳೆಗಾಲದಲ್ಲೇ ಅಜ್ಜಿ ಸತ್ತಳು. ಹೆಣವನ್ನು ಮನೆಯಲ್ಲಿ ಬಿಟ್ಟು ಅಮ್ಮ ಶೆಡ್ಡಿಗೆ ಓಡಿದಳು. ಬರಿಗೈಯಲ್ಲಿ ಬಂದಳು.

ಆಮೇಲೆ ಅಮ್ಮ ಪಾತ್ರೆ ತೊಳೆಯುತ್ತ ತೊಳೆಯುತ್ತ ನಲ್ಲಿ ನಿಲ್ಲಿಸುವುದಕ್ಕೆ ಶುರುಮಾಡಿದಳು. ತಲೆ ಓರೆ ಮಾಡಿ ನಿಲ್ಲುವಳು.

“ಕೇಳಿಸ್ತಾ? ಸರ್... ಸರ್... ಅಂತ?”

“ಪಕ್ಕದ ಮನೆಯವರು ಗುಡಿಸ್ತಿದಾರೆ ಅಮ್ಮ.”

“ಪೊರಕೆ ಸದ್ದು ನನಗೆ ಗೊತ್ತಿಲ್ವಾ? ಇದು ಅವ್ವ.”

ನಮ್ಮ ಕೇರಿಗೂ ಕಕ್ಕಸು ಕಟ್ಟಿಕೊಟ್ಟರು. ಅಮ್ಮ ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು, “ಅವ್ವಾ, ಸ್ವಲ್ಪ ಸರ್ಕೋ,” ಎನ್ನುತ್ತಿದ್ದಳು. ನಾನು ನಕ್ಕೆ. ಕೆಲವು ದಿನ ಕಳೆದ ಮೇಲೆ ನನಗೂ ಸುಮ್ಮನೆ ಒಳಗೆ ಹೋಗಲು ಆಗುತ್ತಿರಲಿಲ್ಲ.

ಈಗ ಗೋಡೆರಾಯರು. ಇದು ನಾನಿಟ್ಟ ಹೆಸರು. ಅಮ್ಮ ಕೆಲಸಕ್ಕೆ ಸೇರಿದ ಮನೆಯ ಯಜಮಾನರು. ದೊಡ್ಡ ಕಂಪನಿಯಿಂದ ನಿವೃತ್ತರಾಗಿ ಹಳೆಯ ಮರದ ಸಾಮಾನು ಕೂಡಿಹಾಕುತ್ತಿದ್ದರು. ಗೋಡೆ ತುಂಬ ನೊಗ, ಒನಕೆ, ಲಾಳಿ, ಬಟ್ಟೆ ಬಡಿಯುವ ಕೋಲು, ಚಪ್ಪಲಿ ಹೊಲಿಯುವವರ ಮರದ ಅಚ್ಚು. ಪ್ರತಿಯೊಂದರ ನೆತ್ತಿಗೂ ಒಂದು ಪುಟ್ಟ ದೀಪ. ನಮ್ಮ ಮನೆಗೆಲ್ಲ ಸೇರಿ ಒಂದು ದೀಪ, ಅಲ್ಲಿ ಒನಕೆಗೇ ಒಂದು ದೀಪ. ಅವರದು ಸಂಗ್ರಹ, ನಮ್ಮದು ಗ್ರಹಚಾರ. ಒನಕೆ ಮುಂಬಾಗಿಲಿನಿಂದ ಬಂದಿತ್ತು. ಅಮ್ಮ ಹಿಂಬಾಗಿಲಿನಿಂದ ಬರುತ್ತಿದ್ದಳು. ಅವಳ ಚಹಾದ ಲೋಟ ಹಿತ್ತಲ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ, ಬೋರಲಾಗಿ.

“ಈ ವಸ್ತುಗಳು ನನ್ನ ಜೊತೆ ಮಾತಾಡ್ತವೆ,” ಎನ್ನುತ್ತಿದ್ದರು ಗೋಡೆರಾಯರು, ಬಂದವರಿಗೆಲ್ಲ. ಅಮ್ಮನ ಜೊತೆ ಅವರು ಮಾತಾಡಿದ್ದು ಕಡಿಮೆ.

ಊಟದ ಕೋಣೆ ಗುಡಿಸಲು ಹೋದ ಮೊದಲ ದಿನವೇ ಅಮ್ಮ ನೋಡಿದಳು. ನಡುಗೋಡೆಯ ಮೇಲೆ ಮೀನು. ಕಣ್ಣು, ಬಾಯಿ, ಹುರುಪೆ, ಹೆಬ್ಬೆರಳ ಗುಳಿ. ಕೆಳಗೊಂದು ಚೀಟಿ: ‘ಧಾನ್ಯ ತೋಡುವ ಸಲಿಕೆ. ಕೈಕೆತ್ತನೆ.’ ಅಮ್ಮ ಚೀಟಿ ಓದಿದಳು. ಪೊರಕೆ ಕೈಯಲ್ಲಿತ್ತು. ಗುಡಿಸಿದಳು. ವಾರಕ್ಕೊಮ್ಮೆ ಎಲ್ಲ ಸಾಮಾನಿಗೂ ಎಣ್ಣೆ ತಿಕ್ಕುವುದು ಅವಳದೇ ಕೆಲಸ. ತನ್ನ ಅವ್ವನನ್ನು ಹೆಣಗಿಸುತ್ತಿದ್ದ ಸಲಿಕೆ ಕೆಡದ ಹಾಗೆ, ಒಡೆಯದ ಹಾಗೆ ಅವಳೇ ಎಣ್ಣೆ ತಿಕ್ಕಿದಳು. ನನಗೆ ಹೇಳಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದಳಂತೆ.

“ಸಾರ್, ಆ ಮೀನಿಂದು... ಅದು ನಮ್ಮವ್ವಂದು. ಕೊಡ್ತೀರಾ?”

ಗೋಡೆರಾಯರು ಬೈಯಲಿಲ್ಲ. ಅವರು ಕೆಟ್ಟ ಮಾತಾಡುವವರಲ್ಲ.

“ಹಳೇದು ನೋಡಿದ್ರೆ ಎಲ್ಲರಿಗೂ ಹಾಗೇ ಅನ್ಸುತ್ತೆ ಕಣಮ್ಮ. ಮೊನ್ನೆ ಡ್ರೈವರ್ ನೊಗ ನೋಡಿ ಅತ್ತುಬಿಟ್ಟ! ನಿಮ್ಮನೇಲಿದ್ರೆ ಏನು ಮಾಡ್ತಿದ್ರಿ ಹೇಳು? ಒಲೆಗೆ ಹಾಕ್ತಿದ್ರಿ.”

“ಮುರೀತಿದ್ವಿ ಸಾರ್.”

“ನೋಡಿದ್ಯಾ? ಇಲ್ಲಿ ಸುರಕ್ಷಿತವಾಗಿದೆ. ದಿನಾ ನೋಡ್ತೀಯಲ್ಲ, ಇನ್ನೇನು ಬೇಕು?”

ಯಾವ ಕೆಲಸದ ಸಲಿಕೆ ಎಂದು ಅಮ್ಮ ಹೇಳಲಿಲ್ಲ. ಹೇಳಿದರೆ ಆ ಮನೆಯ ಪಾತ್ರೆ ಮುಟ್ಟಲು ಬಿಡುವರೇ? ಅವಳು ಬಾಯಿ ಮುಚ್ಚಿದಳು. ಆ ರಾತ್ರಿ ಬಂದ ನೆಂಟರಿಗೆ ಅವರು ನಗುತ್ತ ಹೇಳಿದ್ದು ಅಡುಗೆಮನೆಗೆ ಕೇಳಿಸಿತು: “ನಮ್ಮ ಕೆಲಸದಾಕೆ ಆಸ್ತೀಲಿ ಪಾಲು ಕೇಳ್ತಿದಾಳೆ!”

ಒಂದು ಸಂಜೆ ಅಮ್ಮ ಮನೆಗೆ ಬಂದವಳು ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಸೊಂಟ ನೆಟ್ಟಗಾಗುತ್ತಿರಲಿಲ್ಲ. ಬಿದ್ದೆಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

“ಪತ್ರಿಕೆಯವರು ಬಂದಿದ್ರು. ಮನೆ ಫೋಟೋ ತೆಗೆಯೋಕೆ. ನೀನೂ ನಿಂತ್ಕೋ ಅಂದ್ರು. ಚಪ್ಪಲಿ ಬಿಡಿಸಿದ್ರು. ಸೆರಗು ತಲೆ ಮೇಲೆ ಹಾಕ್ಸಿದ್ರು. ಅದನ್ನ ಕೈಗೆ ಕೊಟ್ರು.”

“ಯಾವುದನ್ನ?”

ಆಗ ಹೇಳಿದಳು. ಎಲ್ಲವನ್ನೂ, ಮೊದಲ ದಿನದಿಂದ.

“ನಾನು ಆ ಕೆಲಸ ಒಂದಿನಾನೂ ಮಾಡಿದವಳಲ್ಲ ಮಗಳೇ. ಅವ್ವ ಮಾಡೋಕೆ ಬಿಡ್ಲಿಲ್ಲ. ನೋಡಿದೀನಿ, ಅಷ್ಟೇ. ಆದ್ರೂ ಕೈ ತಾನೇ ಹಿಡ್ಕೊಳ್ತು. ಹೆಬ್ಬೆರಳು ಹೋಗಿ ಗುಳೀಲಿ ಕೂತ್ಕೊಳ್ತು. ಸೊಂಟ ತಾನೇ ಬಗ್ತು. ಎಡಗೈ ತಲೆ ಮೇಲೆ ಹೋಯ್ತು. ಅಲ್ಲೇನಿತ್ತು? ಏನೂ ಇರ್ಲಿಲ್ಲ. ಬಕೆಟ್ ಹಿಡಿಯೋಕೆ ಹೋಯ್ತು.”

“ಅವರೇನಂದ್ರು?”

“ಫೋಟೋದವನು ಕುಣಿದಾಡಿಬಿಟ್ಟ. ‘ಸೂಪರ್! ಹಾಗೇ ಇರಿ ಅಮ್ಮ, ಹಾಗೇ ಇರಿ, ಏನು ನ್ಯಾಚುರಲ್ಲು!’ ಅಂತ.”

ಅಮ್ಮ ಬಾಯಿ ಬಿಗಿದುಕೊಂಡಳು. ಅಜ್ಜಿಯ ಬಾಯಿ. ನಾನು ಅವಳ ಸೊಂಟ ಒತ್ತಿದೆ. ಬೆನ್ನ ಮೂಳೆ ಒಂದೊಂದೂ ಕೈಗೆ ಸಿಗುತ್ತಿತ್ತು. ಹೊರಗೆ ಎಲ್ಲಿಯೋ ಸರ್... ಸರ್... ಎಂದಿತು. ಪಕ್ಕದ ಮನೆಯವರು ಊರಿಗೆ ಹೋಗಿದ್ದರು.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಯೋಜನೆ ಒಬ್ಬಳದೇ. ವಸ್ತುಗಳು ಅವರ ಜೊತೆ ಮಾತಾಡುತ್ತವಲ್ಲವೇ? ಮಾತಾಡಲಿ. ಗೋಡೆರಾಯರು ಹೆದರಿ, ಈ ಪೀಡೆ ಬೇಡ ತೆಗೆದುಕೊಂಡು ಹೋಗು ಎನ್ನಲಿ. ಅವರು ‘ಪೀಸು’ ಎನ್ನುವ ಸಲಿಕೆ ನಮಗೆ ಪೀಸುಪೀಸಾಗಿಯಾದರೂ ಸಿಗಲಿ.

ಪತ್ರಿಕೆಯಲ್ಲಿ ಮನೆಯ ಫೋಟೋ ಬಂತು. ಭಾನುವಾರ ಮಧ್ಯಾಹ್ನ ಅದಕ್ಕೊಂದು ಔತಣ. ಕೈ ಸಾಲದು ಎಂದು ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಹಿಂಬಾಗಿಲು. ಅಡುಗೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓದಿದೀಯಂತೆ?”

“ಹೌದು.”

“ಲೋಟ ತೊಳೆಯೋಕೆ ಬರುತ್ತಾ?”

“ಅದು ಮೂರನೇ ವರ್ಷದ ಪಾಠ. ಬರುತ್ತೆ.”

ಅಮ್ಮ ಮೊಣಕೈಯಲ್ಲಿ ತಿವಿದಳು.

ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಸಾಮಾನಿನ ಕೋಣೆ. ಅದರ ಗೋಡೆಯ ಮೇಲ್ಗಡೆಯ ಬೆಳಕಿಂಡಿ ಊಟದ ಕೋಣೆಗೆ ತೆರೆಯುತ್ತಿತ್ತು, ಮೀನು ನೇತುಹಾಕಿದ ಜಾಗದ ನೇರ ಮೇಲೆ. ನಾನು ಅದನ್ನು ನೋಡಿಕೊಂಡೆ. ಅಷ್ಟರಲ್ಲಿ ಗೋಡೆರಾಯರ ದನಿ ಕೇಳಿಸಿತು.

“ಇವತ್ತು ನಮ್ಮ ಹೀರೋಯಿನ್ ಗೋಡೆ ಮೇಲೆ ಯಾಕಿರಬೇಕು? ಇಳ್ಸಿ, ಇಳ್ಸಿ. ಮೇಜಿನ ಮೇಲಿಡೋಣ. ಇವತ್ತು ಇದಕ್ಕೂ ಸ್ವಲ್ಪ ಕೆಲಸ ಕೊಡೋಣ!”

ಗೋಡಂಬಿ, ದ್ರಾಕ್ಷಿ ತರಲು ಅಮ್ಮನಿಗೆ ಹೇಳಿದರು. ಸಲಿಕೆಯ ತುಂಬ ಸುರಿಯಲು ಹೇಳಿದರು. ಬಾಗಿಲ ಸಂದಿಯಿಂದ ನಾನು ನೋಡಿದೆ. ಅಮ್ಮ ಸುರಿದಳು.  ಒಂದು ದ್ರಾಕ್ಷಿ ಹೊರಗೆ ಬಿತ್ತು. ಅದನ್ನು ಎತ್ತಿ ಮತ್ತೆ ಸಲಿಕೆಗೆ ಹಾಕಿದಳು. ಮುತ್ತಿನ ಸರದ ಹೆಂಗಸೊಬ್ಬಳು ಒಂದು ಗೋಡಂಬಿ ಎತ್ತಿ ಬಾಯಿಗೆ ಹಾಕಿಕೊಂಡು, “ಎಣ್ಣೆ ಘಮ ಎಷ್ಟು ಚೆನ್ನಾಗಿದೆ, ಹಳೇ ಮರದ್ದೇ ಒಂದು ರುಚಿ!” ಎಂದಳು.

ಅಮ್ಮ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು.

“ಅವ್ವನ್ನ ಮತ್ತೆ ಕೆಲಸಕ್ಕೆ ಹಚ್ಚಿದ್ರು,” ಎಂದಳು. ನನಗಲ್ಲ, ಗೋಡೆಗೆ. ತಿಂಡಿಯ ತಟ್ಟೆ ಎತ್ತಿಕೊಂಡು ಮತ್ತೆ ಊಟದ ಕೋಣೆಗೆ ಹೋದಳು.

ನಾನು ಸಾಮಾನಿನ ಕೋಣೆಗೆ ಹೋದೆ. ಅಕ್ಕಿಯ ಡಬ್ಬದ ಮೇಲೆ ಹತ್ತಿದೆ. ಬೆಳಕಿಂಡಿಗೆ ಬಾಯಿ ಇಟ್ಟೆ.  ಚಿಕ್ಕಂದಿನ ಆ ಏಟಿನ ನಂತರ ಈ ದನಿಯನ್ನು ಹೊರಗೆ ತೆಗೆದಿರಲಿಲ್ಲ. ಬೇರೆಯವರ ದನಿಯನ್ನು ನಾನು ತರಬೇಕು; ಇದು ತಾನಾಗಿ ಬಂತು. ಹೊಟ್ಟೆಯಿಂದ.

“ಬಂದೇ... ಬಾಗಿಲು ಹಾಕ್ಕೊಳ್ಳೀ...”

 ಚಮಚಗಳು ನಿಂತವು. ಯಾರೋ ಎದ್ದು ಹೋಗಿ ನಿಜಕ್ಕೂ ಬಾಗಿಲು ಹಾಕಿದರು. ಆಮೇಲೆ ಗೋಡೆರಾಯರು ಕೈ ತಟ್ಟಿದರು.

“ಭಲೇ! ಯಾರಪ್ಪಾ ಸ್ಪೀಕರ್ ಇಟ್ಟೋರು? ನಾನು ಹೇಳ್ತಿರಲಿಲ್ವಾ, ಇವು ಮಾತಾಡ್ತವೆ ಅಂತ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಅಜ್ಜಿಯ ಕೂಗಿಗೆ ಸಿಕ್ಕ ಮೊದಲ ಚಪ್ಪಾಳೆ. ನನಗೆ ಮೈ ಉರಿಯಿತು. ಮತ್ತೆ ಕೂಗಿದೆ. ಇನ್ನೂ ತಗ್ಗಿಸಿ, ಇನ್ನೂ ಎಳೆದು.

“ಬಂದೇ...”

“ಬಂದೆ ಅವ್ವಾ.”

ಉತ್ತರ ಕೊಟ್ಟಿದ್ದು ಅಮ್ಮ.

ಬೆಳಕಿಂಡಿಯಿಂದ ಕಂಡಿತು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು. ನೆಟ್ಟಗೆ ಮೇಜಿನ ಬಳಿ ನಡೆದಳು. ಯಾರನ್ನೂ ನೋಡಲಿಲ್ಲ. ಸಲಿಕೆ ಎತ್ತಿ ಬೋರಲು ಹಾಕಿದಳು. ಗೋಡಂಬಿ, ದ್ರಾಕ್ಷಿ ಬಿಳಿ ಬಟ್ಟೆಯ ಮೇಲೆ, ನೆಲದ ಮೇಲೆ, ಮುತ್ತಿನ ಸರದವಳ ಮಡಿಲಲ್ಲಿ ಚೆಲ್ಲಿದವು. ಸಲಿಕೆಯನ್ನು ಮೊಣಕಾಲಿಗಿಟ್ಟು ಒತ್ತಿದಳು.

ಮುರಿಯಲಿಲ್ಲ. ಅಷ್ಟು ಎಣ್ಣೆ ತಿಕ್ಕಿದ್ದಳಲ್ಲ.

“ಏಯ್! ಏನ್ ಮಾಡ್ತಿದೀಯ? ಹುಚ್ಚು ಹಿಡೀತಾ?” ಗೋಡೆರಾಯರು ಬಂದು ಇನ್ನೊಂದು ತುದಿ ಹಿಡಿದರು. ಮೀನಿನ ಹಿಡಿ ಅಮ್ಮನ ಕೈಯಲ್ಲಿ, ಸಲಿಕೆಯ ಬಾಯಿ ಅವರ ಕೈಯಲ್ಲಿ. ಅವರು ಎಳೆದರು. ಅಮ್ಮ ಎಳೆದಳು.

“ಬಿಡಿ ಸಾರ್.”

“ನೀನು ಬಿಡು! ಏನಂತ ತಿಳ್ಕೊಂಡಿದೀಯ ಇದನ್ನ?”

“ಹೇಲಿನ ಸಲಿಕೆ ಅಂತ ತಿಳ್ಕೊಂಡಿದೀನಿ ಸಾರ್.”

ಅಮ್ಮ ಹಿಡಿ ಬಿಡದೆಯೇ ಮುಂದುವರಿಸಿದಳು.

“ಇದು ಧಾನ್ಯದ್ದಲ್ಲ. ನಮ್ಮವ್ವ ಇದರಲ್ಲಿ ಹೇಲು ಎತ್ತುತಿದ್ಲು. ನಿಮ್ಮ ಈ ಬೀದೀದೂ ಎತ್ತಿದಾಳೆ. ನೀವೀಗ ಹಿಡ್ಕೊಂಡಿರೋದು ಅದನ್ನ ಗೋರ್ತಿದ್ದ ಜಾಗಾನೇ.”

ಗೋಡೆರಾಯರು ಬಿಟ್ಟರು. ಎಷ್ಟು ಬೇಗ ಬಿಟ್ಟರೆಂದರೆ ಅಮ್ಮ ಎರಡು ಹೆಜ್ಜೆ ಹಿಂದೆ ತೂರಾಡಿದಳು. ಬೇಡಿದಾಗ ಕೊಡಲಿಲ್ಲ, ಎಳೆದಾಗ ಕೊಡಲಿಲ್ಲ. ಏನೆಂದು ಹೇಳಿದ ಕೂಡಲೇ ಕೊಟ್ಟರು. ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು ನಿಂತರು, ಅವು ಬೇರೆ ಯಾರದೋ ಕೈಗಳೆಂಬಂತೆ. ಮುತ್ತಿನ ಸರದವಳು ಬಾಯಿಗೆ ಕರ್ಚೀಫು ಒತ್ತಿಕೊಂಡು ಓಡಿದಳು. ಅವಳ ಹಿಂದೆ ಇಬ್ಬರು. ಇದ್ದದ್ದು ಒಂದೇ ಬಚ್ಚಲು.

ಅಮ್ಮ ಸಲಿಕೆಯನ್ನು ಕುರ್ಚಿಗೆ ಓರೆಯಾಗಿ ಒರಗಿಸಿದಳು. ಕಾಲೆತ್ತಿ ತುಳಿದಳು. ಒಮ್ಮೆ. ಇನ್ನೊಮ್ಮೆ. ಮೂಳೆ ಮುರಿದ ಸದ್ದು. ಮೀನು ಒಂದು ಕಡೆ, ಸಲಿಕೆ ಒಂದು ಕಡೆ.

“ಕೆಲಸ ಮುಗೀತು ಅವ್ವಾ. ಹೋಗು.”

ಅವಳ ಸೊಂಟ ನೆಟ್ಟಗಾಗಿತ್ತು. ಆ ಕೋಣೆಯಲ್ಲಿ ಎಲ್ಲರಿಗಿಂತ ಎತ್ತರ ಕಂಡಳು.

“ಯಾರು ಕೂಗಿದ್ದು?” ಗೋಡೆರಾಯರು ಕಿರುಚಿದರು. “ಯಾರು ಇದನ್ನೆಲ್ಲ ಮಾಡಿಸಿದ್ದು? ಪೊಲೀಸಿಗೆ ಫೋನ್ ಮಾಡ್ತೀನಿ!”

ನಾನು ಡಬ್ಬದಿಂದ ಇಳಿದು ಊಟದ ಕೋಣೆಗೆ ಹೋದೆ. 

“ನಾನು. ಕೂಗಿದ್ದು ನಾನು.”

“ನೀನಾ? ಅದು ಮುದುಕಿ ದನಿ!”

ಕೂಗಿ ತೋರಿಸಿದೆ. ಎಲ್ಲರ ಎದುರಿಗೆ ನಿಂತು. “ಬಂದೇ... ಬಾಗಿಲು ಹಾಕ್ಕೊಳ್ಳೀ...”

ಅಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಅವಳು ನಂಬಿದ್ದಳು. ಅವ್ವ ಕರೆದಳು ಎಂದೇ ನಂಬಿದ್ದಳು. ಇಷ್ಟು ವರ್ಷ ನಲ್ಲಿ ನಿಲ್ಲಿಸಿ ನಿಲ್ಲಿಸಿ ಕಾದ ದನಿ ಕೊನೆಗೂ ಬಂತು ಎಂದು ನಂಬಿ, ಕೆಲಸ, ಮನೆ, ಮರ್ಯಾದೆ ಎಲ್ಲ ನೆಲಕ್ಕಿಟ್ಟು ನಡೆದು ಬಂದಿದ್ದಳು. ನಾನು ಗೋಡೆರಾಯರಿಗೆ ಬೀಸಿದ ಬಲೆಯಲ್ಲಿ ನನ್ನ ತಾಯಿ ನಿಂತಿದ್ದಳು.

“ನೀನಾ?” ಎಂದಳು.

“ನಾನೇ ಅಮ್ಮ.”

“ಅವ್ವ ಅಲ್ವಾ?”

“ಅಲ್ಲಮ್ಮ.”

ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ.

ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವರು ಕಿಸಕ್ಕೆಂದರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಬಚ್ಚಲ ಮುಂದಿನ ಸಾಲನ್ನು ನೋಡಿ ಡ್ರೈವರೂ ನಕ್ಕ. ನನಗೂ ನಗು ಬಂತು, ಅಳುವಿನ ಪಕ್ಕದ ನಗು. ಆಗ ಅಮ್ಮ ಶುರುಮಾಡಿದಳು. ಮೊದಲು ಹೆಗಲು ಕುಲುಕಿತು. ಆಮೇಲೆ ಬಿಗಿದ ಬಾಯಿ ಬಿಚ್ಚಿತು. ಪೂರ್ತಿ ಬಿಚ್ಚಿತು, ದವಡೆ ಹಲ್ಲು ಕಾಣುವಷ್ಟು.

“ಅಯ್ಯೋ ಕೋತಿ! ಇಷ್ಟು ಜನರ ಮುಂದೆ ‘ಬಂದೆ ಅವ್ವಾ’ ಅಂದ್ನಲ್ಲೇ! ಎಲ್ಲರ ಮುಂದೆ!”

ನಗುತ್ತ ನಗುತ್ತ ಅವಳು ಗೋಡೆಯ ಕಡೆ ನೋಡಿದಳು. ನೊಗ, ಒನಕೆ, ಲಾಳಿ, ಬಡಿಯುವ ಕೋಲು. ಸಾಲಾಗಿ ದೀಪ. ಒಂದೊಂದರ ಹಿಡಿಯಲ್ಲೂ ಒಂದೊಂದು ಸವೆದ ಗುಳಿ.

“ಯಾರ ಮನೆಯವರೋ ಏನೋ ಪಾಪ. ಇವರೂ ಇನ್ನೂ ದುಡೀತಾನೇ ಇದಾರೆ,” ಎಂದಳು. ಕೈ ಚಾಚಿ ಬಡಿಯುವ ಕೋಲನ್ನು ಮೊಳೆಯಿಂದ ತೆಗೆದಳು.

ಗೋಡೆರಾಯರು ಏನೇನೋ ಕೂಗುತ್ತಿದ್ದರು. ಮುಟ್ಟಲು ಯಾರೂ ಹತ್ತಿರ ಬರಲಿಲ್ಲ. ಅವರು ಏನು ಕೂಗಿದರೆಂದು ನನಗೆ ತಿಳಿಯಲೂ ಇಲ್ಲ. ಅಮ್ಮನ ನಗುವೇ ಅಷ್ಟು ಜೋರಾಗಿತ್ತು.